ಒಂಟಿಗಾಲ ಮೇಲೆ ನಿಂತ ಮಣ್ಣಿನ ಆಳು: ಕಣಕಾಲಲ್ಲಿ ಬಿರುಕು

ಕುಂದವಾಡ_ಮಣ್ಣು, ದಾವಣಗೆರೆ:
ಗ್ರೀಕ್ ಶಿಲ್ಪಿ ಪಾಲಿಕ್ಲೀಟಸ್‌ನ ಡೋರಿಫೊರೊಸ್ (ಈಟಿ ಹಿಡಿದು, ಒಂದೇ ಕಾಲಿಗೆ ಭಾರ ಕೊಟ್ಟು ನಿಂತ ಆಳು) ನಿಲುವಲ್ಲಿ 2 ಅಡಿಯ ಆಳು, ಜೇಡಿಮಣ್ಣಲ್ಲಿ. ಎರಡೂ ಕಾಲೊಳಗೆ 6 ಎಂಎಂ ಸರಳಿದೆ. ಭಾರ ಹೊತ್ತ ಬಲಗಾಲಿನ ಕಣಕಾಲಲ್ಲಿ ದಿನಾ ಬಿರುಕು. ಜೊತೆಗೆ ಆಳು ಬಲಕ್ಕೆ ವಾಲಿದ ಹಾಗೆ ಕಾಣುತ್ತೆ. ಇಟಲಿಯ ನೇಪಲ್ಸ್ ಮ್ಯೂಸಿಯಮ್ಮಿನ ಪ್ರತಿಯಲ್ಲಿರೋ ಹಾಗೆ ಮರದ ಬೊಡ್ಡೆ ಆನಿಸಿದರೆ ಸರಿಹೋಗುತ್ತಾ? ಆಮೇಲೆ ಪಿಒಪಿ ಎರಕ ತೆಗೀಬೇಕು.

ಕೋಟೆಕಲ್ಲು, ಚಿತ್ರದುರ್ಗ:
ಬೊಡ್ಡೆ ಬೇಡ ರೀ. ಅದು ಪಾಲಿಕ್ಲೀಟಸ್‌ನದ್ದೇ ಅಲ್ಲ. ಕ್ರಿ.ಪೂ. 440ರ ಸುಮಾರಿನ ಮೂಲ ಪ್ರತಿಮೆ ಟೊಳ್ಳು ಕಂಚು, ಕಣಕಾಲು ತಡೀತಿತ್ತು. ನೀವು ಹೇಳಿದ ನೇಪಲ್ಸಿನದ್ದು ಪಾಂಪೆಯಲ್ಲಿ ಸಿಕ್ಕ 2.12 ಮೀಟರಿನ ರೋಮನ್ ಪ್ರತಿ, ಅಮೃತಶಿಲೆಯದು. ಕಲ್ಲು ಮೇಲಿಂದ ಹೇರಿದ ಭಾರ ತಾಳುತ್ತೆ, ಬಾಗಿಸಿದರೆ ಲಟಕ್ಕನೆ ಮುರಿಯುತ್ತೆ. ಅದಕ್ಕೇ ಕಾಲಿಗೆ ಬೊಡ್ಡೆ, ಬಲ ಮಣಿಕಟ್ಟಿಗೂ ಸೊಂಟಕ್ಕೂ ನಡುವೆ ಒಂದು ತುಂಡು ಆಸರೆ. ಬೇಲೂರಿನ ಮದನಿಕೆಗೆ ಈ ಕಷ್ಟ ಇಲ್ಲ, ಅವಳೂ ಮೇಲಿನ ಬಳ್ಳಿ ಚಪ್ಪರವೂ ಒಂದೇ ಕಲ್ಲು.

ನಿಮ್ಮಲ್ಲಿ ಮಣ್ಣು ಒಣಗಿ ಕುಗ್ಗುತ್ತೆ, ಸರಳು ಕುಗ್ಗಲ್ಲ. ತೆಳ್ಳಗಿರೋ ಕಡೆ ಮೊದಲು ಸೀಳುತ್ತೆ. ಭಾರ ಕಾಲಿಂದ ತಪ್ಪಿಸಿ. ಹಲಗೆಗೆ ಬಿಗಿದ 12 ಎಂಎಂ ಕಬ್ಬಿಣ ಹಿಂದಿನಿಂದ ಬಂದು ಆಳಿನ ಸೊಂಟದ ಹತ್ತಿರ ಒಳಗೆ ಹೋಗಲಿ. ಕಾಲಿಗೆ ಹೊಸೆದ ಅಲ್ಯೂಮಿನಿಯಂ ತಂತಿ ಸಾಕು. ಎದೆಯೊಳಗೆ ಎರಡು ಮರದ ಚಕ್ಕೆಗಳನ್ನ ಅಡ್ಡಡ್ಡ ಕಟ್ಟಿ ಬೈಂಡಿಂಗ್ ವೈರಲ್ಲಿ ತೂಗುಬಿಡಿ, ಮಣ್ಣು ಜಾರಲ್ಲ. ರಾತ್ರಿ ಒದ್ದೆಬಟ್ಟೆ ಚೆನ್ನಾಗಿ ಹಿಂಡಿ ಹೊದಿಸಿ, ಮೇಲೆ ಪ್ಲಾಸ್ಟಿಕ್. ಹಿಂಡದಿದ್ದರೆ ನೀರೆಲ್ಲ ಇಳಿದು ಪಾದ ಕೆಸರಾಗುತ್ತೆ.

ತಿರುಗುಮಣೆ:
ವಾಲೋದಕ್ಕೆ ಗಾರೆಯವರ ತೂಕದಗುಂಡು ಸಾಕು. ಕುತ್ತಿಗೆ ಗುಣಿಯಿಂದ ಬಿಟ್ಟರೆ ಬಲಗಾಲಿನ ಒಳಗಿಣ್ಣಿನ ಹತ್ತಿರ ಬೀಳಬೇಕು. ಬಲ ಸೊಂಟ ಮೇಲೆ, ಬಲ ಭುಜ ಕೆಳಗೆ. ಸೊಂಟ ಬಲಕ್ಕೆ ಹೋದಷ್ಟೂ ಎದೆ ಎಡಕ್ಕೆ ವಾಪಸ್ ಬರಬೇಕು. ಅದೂ ಸೊಂಟದ ಜೊತೆಗೇ ಹೊರಟರೆ ಬಿತ್ತು ಅಂತಲೇ ಲೆಕ್ಕ.

ಬರೀ ಮುಂದಿನಿಂದ ನೋಡಬೇಡಿ. ಫ್ರೆಂಚ್ ಶಿಲ್ಪಿ ರೊದ್ಯಾಂ ಮಾಡೆಲ್ಲನ್ನೂ ಮಣ್ಣನ್ನೂ ಒಟ್ಟಿಗೆ ತಿರುಗಿಸಿ, ಒಂದೊಂದು ಕೋನದ ಅಂಚುಗೆರೆ ಹೋಲಿಸ್ತಿದ್ದ. 1877ರಲ್ಲಿ ‘ಕಂಚಿನ ಯುಗ’ ಅನ್ನೋ ಆಳಿನ ಪ್ರತಿಮೆ ಪ್ರದರ್ಶನಕ್ಕಿಟ್ಟಾಗ ಜೀವಂತ ಮೈಮೇಲೇ ಅಚ್ಚು ತೆಗೆದಿದ್ದಾನೆ ಅನ್ನೋ ಅಪವಾದ ಬಂತು, ಅಷ್ಟು ನಿಖರ. ಆ ಆಳಿಗೂ ಮೊದಲು ಈಟಿ ಇತ್ತು, ಆಮೇಲೆ ತೆಗೆದುಹಾಕಿದ. ಎಡಗೈ ಮುಷ್ಟಿ ಮಾತ್ರ ಹಾಗೇ ಇದೆ.

ಕುಂದವಾಡ_ಮಣ್ಣು:
ಗುಂಡು ಬಿಟ್ಟು ನೋಡಿದೆ, ಪಾದದ ಹೊರಗೆ ಒಂದಿಂಚು ಹೋಗ್ತಿದೆ! ಎರಕದಲ್ಲೂ ಕಣಕಾಲಿಗೆ ಸರಳು ಬೇಕಾ?

ಕೋಟೆಕಲ್ಲು:
ಬೇಕು, ಎರಡೂ ಕಾಲಿಗೆ. ಸರಳಿಗೆ ಎನಾಮಲ್ ಪೇಂಟ್ ಹಚ್ಚಿ ಒಣಗಿಸಿ ಇಡಿ, ಇಲ್ಲಾಂದ್ರೆ ತುಕ್ಕು ಬಿಳಿ ಮೈಮೇಲೆ ಕಂದು ಕಲೆಯಾಗಿ ಏಳುತ್ತೆ. ಲೀಟರ್ ನೀರಿಗೆ ಸುಮಾರು ಒಂದೂವರೆ ಕೆಜಿ ಪಿಒಪಿ. ನೀರಿಗೆ ಪುಡಿ ಉದುರಿಸಿ, ಪುಡಿಗೆ ನೀರು ಸುರೀಬೇಡಿ, ಗಂಟಾಗುತ್ತೆ.