ಕೆಟಲ್ ಗ್ರಿಲ್‌ನಲ್ಲಿ ಬೀಫ್ ಚಕ್ ರೋಸ್ಟ್: 160ಕ್ಕೆ ಬಂದು ನಿಂತುಬಿಡುತ್ತೆ, ಏನು ಮಾಡೋದು?

ಪ್ರಶ್ನೆ:
22 ಇಂಚಿನ ಕೆಟಲ್ ಗ್ರಿಲ್ (ಮುಚ್ಚಳವಿರೋ ದುಂಡನೆ ಇದ್ದಿಲು ಒಲೆ), ಮೂರೂವರೆ ಪೌಂಡಿನ ಮೂಳೆಯಿಲ್ಲದ ಚಕ್ ರೋಸ್ಟ್. ಮುಚ್ಚಳದ ಥರ್ಮಾಮೀಟರ್ 250 ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತೆ. ಮೂರು ಗಂಟೆಯಲ್ಲಿ ಮಾಂಸದ ಒಳಗೆ 160 ಆಗುತ್ತೆ, ಆಮೇಲೆ ಎರಡು ಗಂಟೆ ಕಾದರೂ ಅಲ್ಲಾಡಲ್ಲ. 175ಕ್ಕೆ ತೆಗೆದರೆ ನಾರುನಾರು, ಅಗಿಯೋಕೇ ಆಗಲ್ಲ. ಹೊರಗಡೆ ಕಹಿ ಬೇರೆ. ಗಂಟೆಗೊಮ್ಮೆ ಇದ್ದಿಲು ಸುರೀತಾ ಇರಬೇಕು. ಎಲ್ಲಿ ತಪ್ತಾ ಇದೆ?

ಉತ್ತರ:
160ರಲ್ಲಿ ನಿಲ್ಲೋದು ತಪ್ಪಲ್ಲ. ಒಳಗಿನ ನೀರು ಮೇಲೆ ಬಂದು ಆವಿಯಾಗುತ್ತಾ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತೆ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಿರುತ್ತಲ್ಲ, ಅದೇ ಲೆಕ್ಕ. ಇದಕ್ಕೆ ಸ್ಟಾಲ್ ಅಂತಾರೆ. ತಪ್ಪಾಗಿರೋದು 175ಕ್ಕೆ ತೆಗೆದಿರೋದು. ಚಕ್ ಅಂದರೆ ಭುಜದ ಭಾಗ, ದಿನವಿಡೀ ದುಡಿದ ಮಾಂಸ. ಅದರ ತುಂಬ ಕೊಲಾಜೆನ್, ಅಂದರೆ ಸ್ನಾಯುಗಳನ್ನ ಹಿಡಿದಿಡೋ ಗಟ್ಟಿ ಪ್ರೋಟೀನ್. ಅದು ಕರಗಿ ಮೆತ್ತನೆ ಜೆಲಾಟಿನ್ ಆಗೋಕೆ ಹೊತ್ತು ಬೇಕು. ನೀವು ತೆಗೆದಾಗ ಮಾಂಸದ ನೀರು ಹೋಗಿತ್ತು, ಕೊಲಾಜೆನ್ ಇನ್ನೂ ಕರಗಿರಲಿಲ್ಲ. ಅದಕ್ಕಿಂತ ಕೆಟ್ಟ ಘಟ್ಟ ಇನ್ನೊಂದಿಲ್ಲ.

160-165ರ ಹೊತ್ತಿಗೆ ಮೇಲ್ಪದರ ಕಪ್ಪುಗೆಂಪಾಗಿ, ಉಗುರಲ್ಲಿ ಕೆರೆದರೂ ಮಸಾಲೆ ಏಳದಂತೆ ಕೂತಿರಬೇಕು. ಆಗ ಅರ್ಧ ಕಪ್ ಬೀಫ್ ಸ್ಟಾಕ್ (ಮಾಂಸ, ಮೂಳೆ ಬೇಯಿಸಿ ಸೋಸಿದ ರಸ) ಹಾಕಿ, ಎರಡು ಪದರ ಫಾಯಿಲ್‌ನಲ್ಲಿ ಬಿಗಿಯಾಗಿ ಸುತ್ತಿ. ಮತ್ತೆ ಗ್ರಿಲ್ ಮೇಲಿಟ್ಟು, ಒಳಗೆ 200 ಆದಮೇಲೆ ಚುಚ್ಚಿ ನೋಡೋಕೆ ಶುರು ಮಾಡಿ. ಬೆಂದ ಗೆಣಸಿಗೆ ಕಡ್ಡಿ ಇಳಿದ ಹಾಗೆ ಇಳಿದರೆ ಮುಗೀತು. ಅಂಕಿಗಿಂತ ಕೈಯನ್ನ ನಂಬಿ. ಒಟ್ಟು ಆರರಿಂದ ಎಂಟು ಗಂಟೆ ಇಟ್ಟುಕೊಳ್ಳಿ.

ಇನ್ನೊಂದು ಉತ್ತರ:
ಮೇಲಿನವರು ಮಾಂಸದ ವಿಷಯ ಹೇಳಿದ್ದಾರೆ, ನಾನು ಬೆಂಕಿಯದು ಹೇಳ್ತೀನಿ. ಕಹಿಗೆ ಕಾರಣ ದಟ್ಟ ಬಿಳಿ ಹೊಗೆ. ಉರಿ ಕಮ್ಮಿ ಮಾಡೋಕೆ ಮೇಲಿನ ಗಾಳಿಕಿಂಡಿ ಮುಚ್ಚಿದರೆ ಹೊಗೆ ಒಳಗೇ ಮುಗ್ಗುತ್ತೆ. ಮೇಲಿನದು ಪೂರ್ತಿ ತೆರೆದೇ ಇರಲಿ, ಅದೂ ಮಾಂಸದ ನೇರಕ್ಕೆ. ಉರಿಯನ್ನ ಕೆಳಗಿನ ಕಿಂಡಿಯಲ್ಲೇ ಹಿಡೀಬೇಕು, ಕಾಲು ಭಾಗ ತೆರೆದರೆ ಸಾಕು.

ಇದ್ದಿಲು ಸುರಿಯೋ ಪಾಡೂ ಬೇಡ. ಬ್ರಿಕೆಟ್ ಅಂದರೆ ಇದ್ದಿಲ ಪುಡಿ ಒತ್ತಿ ಮಾಡಿದ ಒಂದೇ ಅಳತೆಯ ಉಂಡೆ. ಬ್ರಿಕೆಟ್‌ಗಳನ್ನ ಗ್ರಿಲ್‌ನ ಗೋಡೆಗುಂಟ ಪಕ್ಕಪಕ್ಕ ಎರಡು, ಅದರ ಮೇಲೆ ಇನ್ನೆರಡು, ಹೀಗೆ ಮುಕ್ಕಾಲು ಸುತ್ತು ಹಾವಿನಂತೆ ಜೋಡಿಸಿ. ಹತ್ತು ಬ್ರಿಕೆಟ್ ಚಿಮಣಿಯಲ್ಲಿ (ಇದ್ದಿಲು ಹೊತ್ತಿಸೋ ಲೋಹದ ಕೊಳವೆ) ಬೂದಿ ಕಟ್ಟೋವರೆಗೂ ಕಾಯಿಸಿ, ಒಂದು ತುದಿಗೆ ಮಾತ್ರ ಇಡಿ. ಕೆಂಡ ತಾನೇ ಮುಂದಕ್ಕೆ ಹರಿಯುತ್ತಾ ಹೋಗುತ್ತೆ. ಲಂಪ್ ಇದ್ದಿಲು, ಅಂದರೆ ಮರ ಸುಟ್ಟು ಹಾಗೇ ಬರೋ ತುಂಡು ಇದ್ದಿಲು, ಇದಕ್ಕಾಗಲ್ಲ, ತುಂಡುಗಳು ಒಂದೇ ಅಳತೆ ಇರೋದಿಲ್ಲ, ನಡುವೆ ಆರುತ್ತೆ. ಹೊಗೆಗೆ ಓಕ್ ಅಥವಾ ಹಿಕರಿ ಮರದ ಮುಷ್ಟಿಗಾತ್ರದ ಮೂರು ತುಂಡು, ಹಾವಿನ ಮೊದಲರ್ಧದ ಮೇಲೆ ಮಾತ್ರ. ನೆನೆಸಬೇಡಿ, ನೀರು ಆರೋವರೆಗೆ ಬರೀ ಹಬೆ ಬರುತ್ತೆ.

ಮುಚ್ಚಳದ ಥರ್ಮಾಮೀಟರ್ ಜಾಲರಿಯ ಮಟ್ಟದ ಬಿಸಿ ಹೇಳಲ್ಲ. ಮಾಂಸದಿಂದ ಎರಡಿಂಚು ದೂರ ಜಾಲರಿಗೇ ಪ್ರೋಬ್ (ತಂತಿ ಥರ್ಮಾಮೀಟರಿನ ಕಡ್ಡಿ) ಸಿಗಿಸಿ, 250-275 ಇರಲಿ. ಮುಚ್ಚಳ ತೆಗೆದು ತೆಗೆದು ನೋಡಿದರೆ ಗಾಳಿ ನುಗ್ಗಿ ಕೆಂಡ ಏರುತ್ತೆ, ಆಮೇಲೆ ಇಳಿಸೋದು ಕಷ್ಟ.

ಕೇಳಿದವರು:
ಮೇಲಿನ ಕಿಂಡಿ ಅರ್ಧ ಮುಚ್ಚಿರ್ತಿತ್ತು, ಅದೇ ಇರಬೇಕು. ಉಪ್ಪು ಎಷ್ಟು? ಮಾಂಸವನ್ನ ಎಳೆ ಎಳೆಯಾಗಿ ಬಿಡಿಸೋ ಬದಲು ಹೋಳು ಮಾಡಬೇಕು ಅಂದರೆ?

ಉತ್ತರ:
ಉಪ್ಪು ತೂಗಿ ಹಾಕಿ, ಚಮಚದ ಅಳತೆ ಉಪ್ಪಿನ ಹರಳಿಗೆ ತಕ್ಕಂತೆ ಬದಲಾಗುತ್ತೆ. ಮೂರೂವರೆ ಪೌಂಡಿಗೆ 16 ಗ್ರಾಂ. ಹಿಂದಿನ ರಾತ್ರಿಯೇ ಸವರಿ, ಮುಚ್ಚದೆ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ತರಿತರಿ ಕುಟ್ಟಿದ ಕಾಳುಮೆಣಸು ಒಂದು ದೊಡ್ಡ ಚಮಚ, ಬೆಳ್ಳುಳ್ಳಿ ಪುಡಿ ಒಂದು ಟೀ ಚಮಚ. ಸಕ್ಕರೆ ಬೇಡ ಅಂತ ನನ್ನ ಅಭಿಪ್ರಾಯ, ಬೀಫ್‌ಗೆ ಮೆಣಸೇ ಚೆಂದ. ತುಂಡು ಚಪ್ಪಟೆಯಾಗಿದ್ದರೆ ದಾರದಲ್ಲಿ ಎರಡಿಂಚಿಗೊಂದು ಗಂಟು ಹಾಕಿ, ಒಂದೇ ಸಮ ಬೇಯುತ್ತೆ.

ಹೋಳಿಗೆ 190-195ಕ್ಕೇ ಇಳಿಸಿ. ಚಕ್‌ನಲ್ಲಿ ಎರಡು ಮೂರು ಸ್ನಾಯು ಸೇರಿರೋದರಿಂದ ನಾರು ಒಂದೇ ದಿಕ್ಕಿಗಿರಲ್ಲ. ಮೊದಲು ಕೊಬ್ಬಿನ ಗೆರೆಗುಂಟ ಅವನ್ನ ಬೇರೆ ಮಾಡಿ, ಆಮೇಲೆ ಒಂದೊಂದನ್ನೂ ನಾರಿಗೆ ಅಡ್ಡವಾಗಿ ಕೊಯ್ಯಿರಿ. ಹೇಗೇ ಮಾಡಿದರೂ ಫಾಯಿಲ್ ಸಮೇತ ಟವೆಲ್ ಸುತ್ತಿ ಖಾಲಿ ಐಸ್ ಬಾಕ್ಸ್‌ನಲ್ಲಿ ಒಂದು ಗಂಟೆ ಬಿಡಿ. ಫಾಯಿಲ್‌ನಲ್ಲಿ ಉಳಿದ ರಸದ ಮೇಲಿನ ಕೊಬ್ಬು ತೆಗೆದು, ರಸ ವಾಪಸ್ ಮಾಂಸದ ಮೇಲೆ ಸುರಿಯಿರಿ.

ಮತ್ತೆ, ಮಳೆ ಬಂತು ಅಂತ ಗ್ರಿಲ್ಲನ್ನ ಗರಾಜಿನೊಳಗೆ ಎಳೀಬೇಡಿ. ಬಾಗಿಲು ತೆರೆದಿದ್ದರೂ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಾನಿಲ ತುಂಬಿಕೊಳ್ಳುತ್ತೆ, ಅದಕ್ಕೆ ವಾಸನೆಯೂ ಇಲ್ಲ.