ಅಪ್‌ಡೇಟ್: ಡ್ರಿಪ್ ಟ್ಯಾಂಕಿನ ಬಿಳಿ ಮರಳು ಏನಂತ ಗೊತ್ತಾಯಿತು

ಹಿರಿಯೂರಿನ ನಮ್ಮ ದಾಳಿಂಬೆ ತೋಟದ ವಿಷಯ ಹೋದ ತಿಂಗಳು ಇಲ್ಲಿ ಕೇಳಿದ್ದೆ. ಮೆಗ್ನೀಸಿಯಂ ಸಲ್ಫೇಟ್ ಮತ್ತು 12:61:0 ಗೊಬ್ಬರ (ಅಮೋನಿಯಂ, ಫಾಸ್ಫೇಟ್ ಎರಡೂ ಇರುವ, ನೀರಲ್ಲಿ ಕರಗುವ ಗೊಬ್ಬರ) ಒಟ್ಟಿಗೆ ಕಲಸಿದರೆ ಟ್ಯಾಂಕಿನ ತಳದಲ್ಲಿ ಬಿಳಿ ಮರಳಿನಂಥದ್ದು ಕೂರುತ್ತದೆ, ಗೊಬ್ಬರ ಕಲಬೆರಕೆಯಾ ಅಂತ. ಅಲ್ಲ. ಅಂಗಡಿಯವರನ್ನು ಸುಮ್ನೆ ಅನುಮಾನಿಸಿದ್ದೆ.

ನೀವು ಹೇಳಿದಂತೆ ಮೂರು ಗಾಜಿನ ಬಾಟಲಿಗೆ ಬೋರ್ ನೀರು ತುಂಬಿದೆ. ಮೆಗ್ನೀಸಿಯಂ ಸಲ್ಫೇಟ್ ಒಂದೇ ಹಾಕಿದ್ದು ತಿಳಿಯಾಗಿಯೇ ಇತ್ತು. ಅದು ಲೀಟರ್ ನೀರಿಗೆ ಅರ್ಧ ಕೆಜಿಗಿಂತ ಜಾಸ್ತಿ ಕರಗುತ್ತದೆ. 12:61:0 ಒಂದೇ ಹಾಕಿದ್ದೂ ತಿಳಿ. ಎರಡೂ ಕಲಸಿದ್ದು ಮಾತ್ರ ಬೆಳಗಾಗುವಷ್ಟರಲ್ಲಿ ಮಬ್ಬಾಗಿ, ತಳದಲ್ಲಿ ಸಣ್ಣ ಹರಳು ಕಟ್ಟಿತ್ತು. ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್ ಮೂರೂ ಸೇರಿ ಸ್ಟ್ರೂವೈಟ್ ಆಗುತ್ತದೆ, ಅದು ನೀರಲ್ಲಿ ಕರಗುವುದು ತೀರಾ ಕಡಿಮೆ. ಕಿಡ್ನಿಯಲ್ಲಿ ಆಗುವ ಕೆಲವು ಕಲ್ಲುಗಳೂ ಇದೇ ವಸ್ತುವಂತೆ! ನೀರಲ್ಲಿ ಕ್ಷಾರ ಜಾಸ್ತಿಯಾದಷ್ಟೂ ಬೇಗ ಕೂರುತ್ತದೆ. ನಮ್ಮ ಬೋರ್ ನೀರಿನ ಪಿಎಚ್ 8 ದಾಟಿದೆ, ಅದೂ ಸೇರಿತು ಅಲ್ವಾ.

ಅದೇ ಬಾಟಲಿಗೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಹಾಕಿದೆ. ಹರಳು ಕರಗಿತು, ತುಂಬಾ ಖುಷಿಯಾಯಿತು. ಕಟ್ಟಿಕೊಂಡಿದ್ದ ಡ್ರಿಪ್ಪರ್‌ಗಳನ್ನೂ ಹಾಗೇ ನೆನೆಸಿ ತೊಳೆದೆವು. ಈಗ ಎರಡೂ ಗೊಬ್ಬರ ಬೇರೆ ಬೇರೆ ದಿನ ಬಿಡುತ್ತಿದ್ದೇವೆ, ನಡುವೆ ಬರೀ ನೀರು.