ಸೇಂಟ್ ಜಾನ್ಸ್ ಮಠದ ಕುಂಬಾರಿಕೆ ರೆಸಿಡೆನ್ಸಿ: ಯಾರಾದರೂ ಹೋಗಿದ್ದೀರಾ?

ತಿಗರಿ_ಹುಚ್ಚಿ:
ನಮಸ್ಕಾರ. ಖಾನಾಪುರದಲ್ಲಿ ಮಡಕೆ ಮಾಡೋದು ಕಲಿತವಳು ನಾನು, ಈಗ ಅಮೆರಿಕದ ಮಿನ್ನೆಸೋಟದಲ್ಲಿದ್ದೇನೆ. ಕಾಲೇಜ್‌ವಿಲ್‌ನ ಬೆನೆಡಿಕ್ಟೈನ್ (ಕ್ಯಾಥೊಲಿಕ್ ಸನ್ಯಾಸಿಗಳ) ಮಠದಲ್ಲಿ ಕಲಾವಿದರಿಗೆ ರೆಸಿಡೆನ್ಸಿ, ಅಂದರೆ ಕೆಲ ಕಾಲ ಅಲ್ಲೇ ಇದ್ದು ಕೆಲಸ ಮಾಡೋ ಅವಕಾಶ ಇದೆಯಂತೆ. ಅರ್ಜಿ ಹಾಕಬೇಕು ಅಂತಿದ್ದೇನೆ. ಆದರೆ ದಿನಾ ಪ್ರಾರ್ಥನೆಗೆ ಕೂರಬೇಕಾ? ನಮ್ಮಮ್ಮನಿಗೆ ಅದೇ ಚಿಂತೆ!

ಬೂದಿ_ಬಣ್ಣ:
ಕೂರಲೇಬೇಕು ಅಂತ ನನಗೆ ಯಾರೂ ಹೇಳಲಿಲ್ಲ. ನಾನು ರೆಸಿಡೆಂಟ್ ಅಲ್ಲ, ಮಡಕೆ ಸುಡುವ ಆವಿಗೆಗೆ ಕಟ್ಟಿಗೆ ಹಾಕಲು ಹೋದವನು. ಆದರೂ ಒಂದು ಸಂಜೆ ಸುಮ್ನೆ ಹಿಂದೆ ಕೂತಿದ್ದೆ. ವಾಸ್ತುಶಿಲ್ಪಿ ಮಾರ್ಸೆಲ್ ಬ್ರೂಯರ್ ವಿನ್ಯಾಸ ಮಾಡಿದ ಕಾಂಕ್ರೀಟ್ ಚರ್ಚ್ ಅದು, ಒಳಗೆ ಸಣ್ಣ ದನಿಯೂ ತುಂಬಿಕೊಳ್ಳುತ್ತದೆ.

ಆದರೆ ಆವಿಗೆ ನೋಡಿ ಬೆಚ್ಚಿಬಿದ್ದೆ. 87 ಅಡಿ ಉದ್ದ! ಹೆಸರು ಜೊಹಾನಾ, 1994ರಲ್ಲಿ ಕಟ್ಟಿದ್ದು. ಕುಂಬಾರಿಕೆ ಕಲಾವಿದ ರಿಚರ್ಡ್ ಬ್ರೆಸ್ನಹಾನ್ ಜಪಾನಿನಲ್ಲಿ ಕಲಿತು ಬಂದು 1979ರಲ್ಲಿ ಅಲ್ಲಿ ಕುಂಬಾರಿಕೆ ಶುರು ಮಾಡಿದರು. ಮಣ್ಣು ಅಲ್ಲೇ ಸುತ್ತಮುತ್ತಲಿನದು. ಗ್ಲೇಜಿಗೂ (ಮಡಕೆ ಮೇಲಿನ ಗಾಜಿನಂಥ ಲೇಪಕ್ಕೂ) ಹೊಲದ ಬೂದಿ. ಒಮ್ಮೆ ಬೆಂಕಿ ಹಚ್ಚಿದರೆ ಹತ್ತು ದಿನ ಹಗಲು ರಾತ್ರಿ ಪಾಳಿ. ನನ್ನದು ರಾತ್ರಿ ಎರಡರ ಪಾಳಿ. ಹುಬ್ಬು ಅರ್ಧ ಸುಟ್ಟುಕೊಂಡೆ, ತಪ್ಪು ನನ್ನದೇ, ತೂತಿನೊಳಗೆ ಬಗ್ಗಿ ನೋಡಿದೆ.

ತಿಗರಿ_ಹುಚ್ಚಿ:
ಅಯ್ಯೋ! ಊಟ? ನಾನು ಸಸ್ಯಾಹಾರಿ.

ಬೂದಿ_ಬಣ್ಣ:
ಸೊಪ್ಪು, ಬ್ರೆಡ್ಡು ಸಿಗುತ್ತದೆ. ಉಪ್ಪಿನಕಾಯಿ ಬಾಟಲಿ ಜೊತೆಗಿರಲಿ. ನನ್ನದು ಮೂರೇ ದಿನಕ್ಕೆ ಖಾಲಿ, ಪಕ್ಕದವರೆಲ್ಲ ಕೇಳಿದರು ಅಲ್ವಾ.

ಹಳೇ_ಗಡಿಗೆ:
ಒಂದು ಮಾತು. ಅಲ್ಲಿ ಚಹಾಕ್ಕೆ ಎಲ್ಲರೂ ಒಟ್ಟಿಗೆ ಕೂರುತ್ತಾರೆ. ಕೆಲಸ ಬಾಕಿ ಇದೆ ಅಂತ ತಪ್ಪಿಸಬೇಡಿ. ನಾನು ಜಾಸ್ತಿ ಕಲಿತದ್ದು ಅಲ್ಲೇ. ಅರ್ಜಿಗೆ ಚಂದದ ಹೂಜಿಯ ಜೊತೆ ಬಿರುಕು ಬಿಟ್ಟದ್ದರ ಫೋಟೋನೂ ಕಳಿಸಿ.